ಮೈತುಂಬ ದಿಢೀರ್ ದದ್ದು: ಮೊದಲು ಪೆನ್ನು, ಆಮೇಲೆ ಮಾತ್ರೆ

ಮಲಗುವಾಗ ಏನೂ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಹೊಟ್ಟೆ, ತೊಡೆ, ತೋಳುಗಳ ಮೇಲೆಲ್ಲ ಉಬ್ಬಿದ ದದ್ದು, ತಡೆಯಲಾಗದ ತುರಿಕೆ. ಹೀಗಾದಾಗ ಮನೆಯವರೆಲ್ಲ ಕೇಳುವುದು ‘ನಿನ್ನೆ ಏನು ತಿಂದೆ?’ ಎಂದು. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ ಇನ್ನೊಂದಿದೆ: ಈ ಒಂದು ದದ್ದು ಇದೇ ಜಾಗದಲ್ಲಿ ಎಷ್ಟು ಹೊತ್ತು ಇರುತ್ತದೆ? ಬಣ್ಣ, ಆಕಾರ ನೋಡಿ ಯಾರೂ ಮೋಸಹೋಗಬಹುದು. ಅವಧಿ ನೋಡಿದರೆ ಮೋಸಹೋಗುವುದು ಕಡಿಮೆ.

ಮೊದಲ ನಿಮಿಷದಲ್ಲಿ ನೋಡಬೇಕಾದ್ದು

ಉಸಿರಾಟಕ್ಕೆ ಕಷ್ಟ, ಎದೆಯಲ್ಲಿ ಸುಯ್‌ಗುಟ್ಟುವ ಸದ್ದು, ದನಿ ಬದಲಾಗುವುದು, ಗಂಟಲು ಬಿಗಿಯುವುದು, ನಾಲಿಗೆ ಊದುವುದು, ತಲೆಸುತ್ತಿ ಕುಸಿಯುವುದು, ದದ್ದಿನ ಜೊತೆಗೇ ಮೇಲಿಂದ ಮೇಲೆ ವಾಂತಿ. ಇವುಗಳಲ್ಲಿ ಒಂದು ಕಂಡರೂ ಅದು ಬರೀ ಚರ್ಮದ ತೊಂದರೆಯಲ್ಲ, ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಎರವಾಗಬಲ್ಲ ತೀವ್ರ ಅಲರ್ಜಿ ಇರಬಹುದು. ಆಂಬುಲೆನ್ಸ್ ಕರೆಯಿರಿ. ಇದಕ್ಕೆ ಮದ್ದು ಅಡ್ರಿನಲಿನ್; ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಚುಚ್ಚುಮದ್ದು. ಹಿಂದೆ ಹೀಗಾಗಿ ವೈದ್ಯರು ಅಡ್ರಿನಲಿನ್ ಪೆನ್ (ಪೆನ್ನಿನಾಕಾರದ ಸಿದ್ಧ ಚುಚ್ಚುಮದ್ದು) ಬರೆದುಕೊಟ್ಟಿದ್ದರೆ ತಡಮಾಡದೆ ಬಳಸಿ. ಅಲರ್ಜಿ ಮಾತ್ರೆ ನುಂಗಿಸಿ ‘ನೋಡೋಣ’ ಎಂದು ಕಾಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಆ ಮಾತ್ರೆ ತುರಿಕೆಯನ್ನು ಇಳಿಸೀತು, ಬೀಳುತ್ತಿರುವ ರಕ್ತದೊತ್ತಡವನ್ನು ಎತ್ತಲಾರದು. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಿ. ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ. ಎಬ್ಬಿಸಿ ನಡೆಸಲೇಬೇಡಿ. ಸುಧಾರಿಸಿದಂತೆ ಕಂಡ ಕೆಲವು ಗಂಟೆಗಳ ಮೇಲೆ ಮತ್ತೆ ಕೆರಳುವುದೂ ಉಂಟು, ಹಾಗಾಗಿ ಆಸ್ಪತ್ರೆಯಲ್ಲಿ ನಿಗಾ ಬೇಕು.

ಇನ್ನೊಂದು ಪರೀಕ್ಷೆಗೆ ಗಾಜಿನ ಲೋಟ ಸಾಕು. ಲೋಟದ ಬದಿಯನ್ನು ದದ್ದಿನ ಮೇಲೆ ಒತ್ತಿ ಒಳಗಿನಿಂದ ನೋಡಿ. ಸಾಮಾನ್ಯ ದದ್ದಾದರೆ ಕೆಂಪು ಮಾಸುತ್ತದೆ. ಒತ್ತಿದರೂ ಮಾಸದ ಕೆನ್ನೇರಳೆ ಚುಕ್ಕೆಗಳಿದ್ದು ಜ್ವರವೂ ಇದ್ದರೆ ಒಂದು ಗಳಿಗೆಯೂ ಕಾಯಬೇಡಿ. ಚರ್ಮದ ಬಣ್ಣ ದಟ್ಟವಾಗಿದ್ದರೆ ಕೆಂಪು ಕಣ್ಣಿಗೆ ಬೀಳುವುದು ಕಷ್ಟ. ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಭಾಗ ನೋಡಿ.

ಈಗ ಪೆನ್ನು ಹಿಡಿಯಿರಿ

ಎದ್ದು ಕಾಣುವ ಎರಡು ಮೂರು ದದ್ದು ಆರಿಸಿ, ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲೇ ಸಮಯ ಬರೆಯಿರಿ. ಫೋನಿನಲ್ಲಿ ಫೋಟೊ ತೆಗೆಯಿರಿ. ವೈದ್ಯರ ಮುಂದೆ ಕೂರುವ ಹೊತ್ತಿಗೆ ಮೈ ನುಣ್ಣಗಾಗಿರುವುದು ಈ ಕಾಯಿಲೆಯ ಹಳೇ ಚಾಳಿ.

ಕೆಲವು ಗಂಟೆಗಳಲ್ಲಿ ಗೆರೆಯೊಳಗಿನ ಉಬ್ಬು ಇಳಿದು, ಗೆರೆಯಾಚೆ ಹೊಸದು ಎದ್ದು, 24 ಗಂಟೆಯೊಳಗೆ ಹಳೆಯದು ಕಲೆಯಿಲ್ಲದೆ ಮಾಯವಾದರೆ ಅದು ಬಹುಮಟ್ಟಿಗೆ ಪಿತ್ತದ ಗಂಧೆ, ಅಂದರೆ ಅರ್ಟಿಕೇರಿಯಾ. ನಡುವೆ ಪೇಲವ, ಸುತ್ತ ಕೆಂಪು, ಮುಟ್ಟಿದರೆ ಉಬ್ಬು, ಮೇಲೆ ಹೊಟ್ಟು ಏಳುವುದಿಲ್ಲ. ಮೈತುಂಬ ಮೂರು ದಿನ ದದ್ದು ಇದ್ದರೂ ಒಂದೊಂದು ದದ್ದಿನ ಆಯುಸ್ಸು ಒಂದು ದಿನಕ್ಕಿಂತ ಕಡಿಮೆ. ತುಟಿ, ಕಣ್ಣರೆಪ್ಪೆ ಊದಿಕೊಂಡಿದ್ದರೆ ಆ ಊತ ಇಳಿಯಲು 72 ಗಂಟೆಯವರೆಗೂ ಹಿಡಿಯಬಹುದು.

ಗೆರೆಯೊಳಗಿನದು ಮರುದಿನವೂ ಅಲ್ಲೇ ಕೂತಿದ್ದರೆ ಬೇರೆ ಕಡೆ ಯೋಚಿಸಿ. ತುರಿಕೆಗಿಂತ ಉರಿ, ನೋವು ಹೆಚ್ಚಾಗಿ, ಹೋಗುವಾಗ ಜಜ್ಜಿದಂಥ ಕಲೆ ಬಿಟ್ಟರೆ ರಕ್ತನಾಳಗಳ ಉರಿಯೂತ ಇರಬಹುದು, ವೈದ್ಯರಿಗೆ ತೋರಿಸಿ. ಗಡಿಯಾರದ ಪಟ್ಟಿ, ಬೆಲ್ಟಿನ ಬಕಲ್, ಕೂದಲ ಡೈ ತಗುಲಿದ ಕಡೆಯೇ ಒಂದೆರಡು ದಿನ ಬಿಟ್ಟು ಗುಳ್ಳೆ ಎದ್ದು ನೀರು ಒಸರಿದರೆ ಅದು ಸಂಪರ್ಕದ ಅಲರ್ಜಿ. ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ತುರಿಕೆಯಿದ್ದು, ರಾತ್ರಿ ಜಾಸ್ತಿಯಾಗಿ, ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದರೆ ಕಜ್ಜಿ; ಅದಕ್ಕೆ ಮನೆಮಂದಿಗೆಲ್ಲ ಒಟ್ಟಿಗೇ ಚಿಕಿತ್ಸೆ ಆಗಬೇಕು. ಉಂಗುರದಂತೆ ನಿಧಾನಕ್ಕೆ ಹರಡುವುದು ಹುಳುಕಡ್ಡಿ. ಅದರ ಮೇಲೆ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಇಳಿಯುತ್ತದೆ, ಶಿಲೀಂಧ್ರ ಮಾತ್ರ ಹಾಯಾಗಿ ಬೆಳೆಯುತ್ತದೆ.

ಗಂಧೆ ಎಂದು ಖಚಿತವಾದರೆ

ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಕೆರಳಿ ಹಿಸ್ಟಮಿನ್ ಸುರಿಯುತ್ತವೆ. ಅದರಿಂದ ಸಣ್ಣ ರಕ್ತನಾಳಗಳು ಸೋರಿ ಉಬ್ಬು ಬರುತ್ತದೆ, ನರಗಳು ಕೆರಳಿ ತುರಿಸುತ್ತದೆ. ಇಷ್ಟು ಗೊತ್ತಿದ್ದರೆ ಮದ್ದಿನ ಲೆಕ್ಕ ಸುಲಭ. ಹಿಸ್ಟಮಿನ್ ತಡೆಯುವ ಅಲರ್ಜಿ ಮಾತ್ರೆಗಳಾದ ಸೆಟಿರಿಜಿನ್ ಅಥವಾ ಲೊರಾಟಡಿನ್ 10 ಮಿಲಿಗ್ರಾಂ ದಿನಕ್ಕೊಂದು, ಇದು ವಯಸ್ಕರ ರೂಢಿಯ ಪ್ರಮಾಣ. ಎರಡನ್ನೂ ಒಟ್ಟಿಗೆ ಬೇಡ. ಮಕ್ಕಳು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಫೆಕ್ಸೊಫೆನಡಿನ್ ಬರೆದುಕೊಟ್ಟಿದ್ದರೆ ನೀರಿನಲ್ಲೇ ನುಂಗಿ; ಹಣ್ಣಿನ ರಸದ ಜೊತೆ ನುಂಗಿದರೆ ಮೈಗೆ ಸೇರುವುದು ಕಡಿಮೆಯಾಗುತ್ತದೆ. ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಮಾತ್ರೆ ಮಂಪರು ತರಿಸುತ್ತದೆ, ಅದರ ಜಡತೆ ಮರುದಿನಕ್ಕೂ ಉಳಿಯಬಹುದು. ಅದನ್ನು ನುಂಗಿ ಗಾಡಿ ಓಡಿಸಬಾರದು.

ಬಹಳ ಮಂದಿ ಎಡವುವುದು ಇಲ್ಲಿ: ದದ್ದು ಎದ್ದಾಗ ಒಂದು ಮಾತ್ರೆ, ಇಳಿದೊಡನೆ ನಿಲ್ಲಿಸುವುದು. ಈ ಮಾತ್ರೆ ಹಿಸ್ಟಮಿನ್ ಕೂರುವ ಜಾಗವನ್ನು ಮೊದಲೇ ಹಿಡಿದಿಟ್ಟು ಕೆಲಸ ಮಾಡುವಂಥದ್ದು. ಎದ್ದ ಉಬ್ಬನ್ನು ಅಳಿಸುವುದಕ್ಕಿಂತ ಮುಂದಿನದನ್ನು ತಡೆಯುವುದೇ ಅದರ ಕೆಲಸ. ಆದ್ದರಿಂದ ದದ್ದು ಬಂದುಹೋಗುತ್ತಿರುವಷ್ಟು ದಿನ, ವೈದ್ಯರು ಹೇಳಿದ ಅವಧಿಯವರೆಗೆ, ದಿನಾ ಒಂದೇ ಹೊತ್ತಿಗೆ ನುಂಗಬೇಕು.

ತುರಿಕೆಗೆ ತಣ್ಣೀರಲ್ಲಿ ಹಿಂಡಿದ ಬಟ್ಟೆಯನ್ನು 10 ನಿಮಿಷ ಇಡಿ. ಕ್ಯಾಲಮೈನ್ ಲೋಷನ್ ಹಚ್ಚಬಹುದು. ಚಳಿಗೆ, ತಣ್ಣೀರಿಗೇ ದದ್ದು ಏಳುವವರು ತಣ್ಣೀರ ಬಟ್ಟೆ ಇಡಬಾರದು. ಬಿಸಿನೀರಿನ ಸ್ನಾನ ಹಿತವೆನಿಸಿದರೂ ಆಮೇಲೆ ತುರಿಕೆ ದುಪ್ಪಟ್ಟಾಗುತ್ತದೆ. ಸ್ಟಿರಾಯ್ಡ್ ಕ್ರೀಮು ಇಲ್ಲಿ ದಂಡ. ಇಲ್ಲಿ ಹಚ್ಚುವಷ್ಟರಲ್ಲಿ ದದ್ದು ಅಲ್ಲಿಗೆ ಹೋಗಿರುತ್ತದೆ. ಉಗುರು ಕತ್ತರಿಸಿ. ಜ್ವರ, ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಗಂಧೆಯನ್ನು ಅವೇ ಕೆರಳಿಸಬಹುದು. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ತಡೆಯುತ್ತದೆ.

ಕಾರಣ ಹುಡುಕುವಾಗ

ಆಹಾರದ ಅಲರ್ಜಿಯಾದರೆ ಬಹುತೇಕ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಗೊತ್ತಾಗುತ್ತದೆ. ಎರಡು ದಿನದ ಹಿಂದಿನ ಊಟವನ್ನು ದೂರಿ ಪ್ರಯೋಜನವಿಲ್ಲ. ಮಕ್ಕಳಲ್ಲಿ ಹೆಚ್ಚಿನ ಸಲ ಕಾರಣ ನೆಗಡಿ, ಗಂಟಲುನೋವು ತಂದ ವೈರಸ್ಸೇ. ಆಗ ಕೊಟ್ಟ ಆ್ಯಂಟಿಬಯೋಟಿಕ್ ಮೇಲೆ ಸುಮ್ಮನೆ ಆರೋಪ ಬರುತ್ತದೆ. ಹಾಗೆಂದು ನೀವೇ ಅದನ್ನು ಮುಂದುವರಿಸಲೂಬೇಡಿ, ವೈದ್ಯರು ತೀರ್ಮಾನಿಸಲಿ. ಒಂದು ಹಾಳೆಯಲ್ಲಿ ದದ್ದು ಎದ್ದ ಹೊತ್ತು, ಅದಕ್ಕೆ ಮುಂಚಿನ ಎರಡು ಗಂಟೆಯಲ್ಲಿ ತಿಂದದ್ದು, ಕಳೆದೆರಡು ವಾರದಲ್ಲಿ ಹೊಸದಾಗಿ ಶುರುವಾದ ಮಾತ್ರೆ, ಬಂದುಹೋದ ಜ್ವರ, ಕೀಟದ ಕಡಿತ, ಬೆವರು, ಬಿಗಿಬಟ್ಟೆ ಎಲ್ಲ ಬರೆದಿಡಿ. ತುರಿಕೆಯಿಲ್ಲ, ದದ್ದಿಲ್ಲ, ತುಟಿ ಅಥವಾ ನಾಲಿಗೆ ಮಾತ್ರ ಊದುತ್ತದೆ ಎಂದಾದರೆ ರಕ್ತದೊತ್ತಡಕ್ಕೆ ರ‍್ಯಾಮಿಪ್ರಿಲ್, ಎನಲಪ್ರಿಲ್ ಜಾತಿಯ ಮಾತ್ರೆ ನುಂಗುತ್ತಿದ್ದೀರಾ ನೋಡಿ; ವರ್ಷಗಟ್ಟಲೆ ನುಂಗಿದ ಮೇಲೂ ಹೀಗಾಗುವುದುಂಟು. ಇದು ಅಲರ್ಜಿ ಮಾತ್ರೆಗೆ ಬಗ್ಗುವುದಿಲ್ಲ, ಅದೇ ದಿನ ವೈದ್ಯರನ್ನು ಕಾಣಬೇಕು; ನಾಲಿಗೆ ಊದಿದ್ದರೆ ಮೊದಲೇ ಹೇಳಿದಂತೆ ಆಂಬುಲೆನ್ಸ್ ಕರೆಯಿರಿ.

ಆರು ವಾರ ದಾಟಿಯೂ ದದ್ದು ಬರುತ್ತಲೇ ಇದ್ದರೆ ಅದು ದೀರ್ಘಕಾಲದ ಗಂಧೆ. ಆ ಹಂತದಲ್ಲಿ ಹೊರಗಿನ ವಸ್ತುವಿನ ಅಲರ್ಜಿ ಅಪರೂಪ, ನೂರೆಂಟು ವಸ್ತುಗಳ ರಕ್ತಪರೀಕ್ಷೆ ಮಾಡಿಸಿ ಒಂದೊಂದೇ ಆಹಾರ ಬಿಡುತ್ತ ಹೋದರೆ ಸೊರಗುವುದು ಮೈ, ದದ್ದಲ್ಲ. ಚರ್ಮವೈದ್ಯರು ಮಾತ್ರೆಯ ಪ್ರಮಾಣವನ್ನು ಹಂತಹಂತವಾಗಿ ನಾಲ್ಕು ಪಟ್ಟಿನವರೆಗೂ ಏರಿಸಬಲ್ಲರು. ಅದಕ್ಕೂ ಜಗ್ಗದಿದ್ದರೆ ನಾಲ್ಕು ವಾರಕ್ಕೊಮ್ಮೆ ಕೊಡುವ ಓಮಲಿಜುಮ್ಯಾಬ್ ಚುಚ್ಚುಮದ್ದಿದೆ. ಸ್ಟಿರಾಯ್ಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದು ಮಾತ್ರ ದಾರಿಯಲ್ಲ: ಸಕ್ಕರೆ, ರಕ್ತದೊತ್ತಡ ಏರುತ್ತದೆ, ಮೂಳೆ ಸವೆಯುತ್ತದೆ, ನಿಲ್ಲಿಸಿದೊಡನೆ ದದ್ದು ಮರಳುತ್ತದೆ.