ಅಲಂಗ್‌ನಲ್ಲಿ ಹಳೆಯ ಹಡಗಿನ ಕುರ್ಚಿ ಕೊಳ್ಳುವುದು ಹೇಗೆ?

ಗುಜರಾತಿನ ಭಾವನಗರದಿಂದ ಸುಮಾರು 50 ಕಿ.ಮೀ. ದೂರದ ಅಲಂಗ್ ಕಡಲದಂಡೆಯಲ್ಲಿ 1983ರಿಂದ ಹಡಗು ಒಡೆಯುತ್ತಾರೆ. ದೊಡ್ಡ ಉಬ್ಬರದ ದಿನ ಹಡಗನ್ನು ದಡಕ್ಕೇರಿಸಿ, ಉಕ್ಕಿಗೆ ಕೈಹಾಕುವ ಮೊದಲೇ ಒಳಗಿನ ಕುರ್ಚಿ, ಮಂಚ, ದೀಪ, ಪಿಂಗಾಣಿಯನ್ನೆಲ್ಲ ಇಳಿಸಿ ಲಾಟುಗಳಲ್ಲಿ ಮಾರುತ್ತಾರೆ. ಅವು ಊರಿಗೆ ಹೋಗುವ ರಸ್ತೆಯ ಇಕ್ಕೆಲದ ಅಂಗಡಿಗಳನ್ನು ಸೇರುತ್ತವೆ. ಅಲ್ಲಿ ಕಾಣುವುದರಲ್ಲಿ ಬಹುಪಾಲು ಸರಕು ಹಡಗುಗಳದ್ದು. ಸಾಗರ ದಾಟುತ್ತಿದ್ದ ಹಳೆಯ ಪ್ರಯಾಣಿಕ ಹಡಗುಗಳ ವಸ್ತು ಈಗ ಅಪರೂಪ. ಹಾಗಾಗಿಯೇ ಆ ಹೆಸರು ಹೇಳಿ ಹೆಚ್ಚು ಬೆಲೆ ಕೇಳುವವರೂ ಇದ್ದಾರೆ.

ಮೊದಲು ವಸ್ತುವಿನ ವರ್ಷ ಗೊತ್ತುಮಾಡಿಕೊಳ್ಳಿ. ಹಡಗಿನ ಹೆಸರಿಗಿಂತ ಇದು ಮುಖ್ಯ. 1962ರಲ್ಲಿ ಸೇವೆಗಿಳಿದ ‘ಫ್ರಾನ್ಸ್’ ಎಂಬ ಪ್ರಯಾಣಿಕ ಹಡಗು 1980ರಲ್ಲಿ ‘ನಾರ್ವೆ’ ಎಂಬ ವಿಹಾರ ಹಡಗಾದಾಗ ಒಳಾಂಗಣ ಬಹಳಷ್ಟು ಬದಲಾಯಿತು. 2006ರಲ್ಲಿ ಅದು ‘ಬ್ಲೂ ಲೇಡಿ’ ಹೆಸರಿನಲ್ಲಿ ಅಲಂಗ್‌ಗೆ ಬಂತು. 2021ರಲ್ಲಿ ದಡಕ್ಕೇರಿದ ‘ಮಾರ್ಕೊ ಪೋಲೊ’ ಮೂಲತಃ 1965ರ ‘ಅಲೆಕ್ಸಾಂಡರ್ ಪುಷ್ಕಿನ್’. ಆದರೆ 1990ರ ದಶಕದ ಆರಂಭದಲ್ಲಿ ಗ್ರೀಸ್‌ನಲ್ಲಿ ಅದರ ಒಳಗನ್ನು ಪೂರ್ತಿ ಹೊಸದು ಮಾಡಿದ್ದರು. ಆ ಹಡಗಿನ ಆರ್ಟ್ ಡೆಕೊ (1920–30ರ ದಶಕಗಳ ಅಲಂಕಾರ ಶೈಲಿ) ಕುರ್ಚಿಗೆ 1965ರ ಬೆಲೆ ಕೊಡಬಾರದು. ಕಂಪನಿಯ ಹಳೆಯ ಬ್ರೋಷರ್ ಚಿತ್ರಗಳನ್ನು ಫೋನಿನಲ್ಲಿಟ್ಟುಕೊಂಡು ಹೋಗಿ ಕೈಹಿಡಿಯ ಬಾಗು, ಕಾಲಿನ ಆಕಾರ ಹೋಲಿಸಿ ನೋಡಿ.

ಆಮೇಲೆ ಕುರ್ಚಿಯನ್ನು ತಲೆಕೆಳಗು ಮಾಡಿ. ಅಸಲಿ ಗುರುತೆಲ್ಲ ಅಡಿಯಲ್ಲೇ ಇರುತ್ತದೆ. ಅಲೆಗೆ ಜಾರದಂತೆ ನೆಲಕ್ಕೆ ಬಿಗಿಯುತ್ತಿದ್ದ ಕೊಕ್ಕೆ, ಬಳೆ ಅಥವಾ ಬೋಲ್ಟಿನ ತೂತು ಸಿಗಬಹುದು. ಮೇಲಿನ ಬಟ್ಟೆಯ ಅಂಚು ಸ್ವಲ್ಪ ಎತ್ತಿದರೆ ಹಳೆಯ ಬಟ್ಟೆಯ ಚೂರು, ಹಿಂದಿನ ಮೊಳೆಗಳ ತೂತಿನ ಸಾಲು ಕಾಣಬಹುದು. ಎಲ್ಲ ಕಡೆ ಹೊಸ ಸ್ಕ್ರೂಗಳೇ ಇದ್ದರೆ ಈಚಿನ ಕೆಲಸವೆಂದು ಅನುಮಾನಿಸಿ. ಪುಟ್ಟ ಅಯಸ್ಕಾಂತ ಜೇಬಿನಲ್ಲಿರಲಿ: ಬೆಂಕಿಯ ಭಯದಿಂದ ‘ಫ್ರಾನ್ಸ್’ನಲ್ಲಿ ಮರದ ಬದಲು ಅಲ್ಯೂಮಿನಿಯಂ ಹೆಚ್ಚು ಬಳಸಿದ್ದರು, ಅದಕ್ಕೆ ಅಯಸ್ಕಾಂತ ಅಂಟದು. ಹಿತ್ತಾಳೆಯೆಂದು ಕೊಟ್ಟದ್ದಕ್ಕೆ ಅಂಟಿದರೆ ಅದು ಮೇಲೆ ಲೇಪ ಹಾಕಿದ ಕಬ್ಬಿಣ.

ಚಮಚ, ತಟ್ಟೆಯ ಮೇಲಿನ ಲಾಂಛನ ಕಂಪನಿಯನ್ನು ಹೇಳುತ್ತದೆಯೇ ಹೊರತು ಹಡಗನ್ನಲ್ಲ. ‘ಟೈಟಾನಿಕ್’ನ ಕಂಪನಿಯಾದ ವೈಟ್ ಸ್ಟಾರ್‌ನ ಮುದ್ರೆ ಕಂಡ ಮಾತ್ರಕ್ಕೆ ಅದು ‘ಟೈಟಾನಿಕ್’ನದೇ ಎನ್ನುವವರನ್ನು ನಂಬಲೇಬೇಡಿ. ‘ಟೈಟಾನಿಕ್’ನ ಜೋಡಿ ಹಡಗು ‘ಒಲಿಂಪಿಕ್’ನ ವಸ್ತುಗಳು 1935ರಲ್ಲಿ ಇಂಗ್ಲೆಂಡಿನ ಜಾರೋದಲ್ಲಿ ಹರಾಜಾದವು; ಅದರ ಮರದ ಗೋಡೆಹಲಗೆಗಳನ್ನು ಆನಿಕ್ ಪಟ್ಟಣದ ವೈಟ್ ಸ್ವಾನ್ ಹೋಟೆಲಿನಲ್ಲಿ ಇಂದಿಗೂ ನೋಡಬಹುದು. ಹರಾಜಿನ ಪಟ್ಟಿ, ಲಾಟ್ ಸಂಖ್ಯೆ, ಕೈಬದಲಾದಾಗಿನ ಬಿಲ್ಲುಗಳು, ಈ ಸರಪಳಿ ಇದ್ದಾಗಲೇ ಹೆಸರಿಗೆ ಬೆಲೆ.

ಅಂಗಡಿಯವರಿಂದ ಬಿಲ್ಲಿನಲ್ಲಿ ಹಡಗಿನ ಕೊನೆಯ ಹೆಸರು, ಅದನ್ನು ಒಡೆದ ಕಡಲದಂಡೆಯ ಪ್ಲಾಟಿನ ಸಂಖ್ಯೆ ಮತ್ತು ಏಳಂಕಿಯ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ ಬರೆಸಿಕೊಳ್ಳಿ. ಹೆಸರು ಎಷ್ಟು ಸಲ ಬದಲಾದರೂ ಐಎಂಒ ಸಂಖ್ಯೆ ಬದಲಾಗದು.

ಕ್ಯಾಬಿನ್ನಿನ ಗೋಡೆಹಲಗೆ ಎಷ್ಟೇ ಚೆಂದವಿರಲಿ, ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ತರಬೇಡಿ. ಹಳೆಯ ಹಡಗುಗಳ ಹಲಗೆಗಳಲ್ಲಿ ಬೆಂಕಿ ತಡೆಯಲು ಕಲ್ನಾರು (ಆಸ್ಬೆಸ್ಟಾಸ್) ಸೇರಿಸುತ್ತಿದ್ದರು. ಅದನ್ನು ಗರಗಸದಿಂದ ಕೊಯ್ದರೆ, ಡ್ರಿಲ್ ಹಾಕಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಕ್ಯಾನ್ಸರ್ ಕಾಣಿಸಿಕೊಳ್ಳುವುದು ದಶಕಗಳ ನಂತರ. ಕತ್ತಲಲ್ಲಿ ಹೊಳೆಯುವ ಅಂಕಿಗಳ ಹಳೆಯ ಗಡಿಯಾರದ ಗಾಜನ್ನೂ ತೆರೆಯಬಾರದು, ರೇಡಿಯಂ ಬಣ್ಣ ಇರಬಹುದು.

ಮನೆಗೆ ತಂದ ಮರದ ಸಾಮಾನನ್ನು ಬಿಸಿಲು ಬೀಳದ, ಗಾಳಿಯಾಡುವ ಕೋಣೆಯಲ್ಲಿ ಮೂರು ನಾಲ್ಕು ವಾರ ಸುಮ್ಮನೆ ಬಿಡಿ. ಕಡಲ ತೇವದಿಂದ ಬಂದದ್ದು ಬೆಂಗಳೂರಿನ ಒಣಗಾಳಿಗೆ ಕುಗ್ಗುವಾಗ ಮೇಲೆ ಅಂಟಿಸಿದ ತೆಳು ಮರದ ಪದರ, ಅಂದರೆ ವಿನಿಯರ್, ಏಳುತ್ತದೆ. ಅವಸರಕ್ಕೆ ಅಂಟಿಸಿದರೆ ಮತ್ತೆ ಬಿರಿಯುತ್ತದೆ. ಅಂಟು ಹಳೆಯ ಪ್ರಾಣಿಜನ್ಯದ್ದಾದರೆ ಒದ್ದೆ ಬಟ್ಟೆಯ ಮೇಲೆ ಹದವಾದ ಬಿಸಿಯ ಇಸ್ತ್ರಿಪೆಟ್ಟಿಗೆ ಒತ್ತಿ, ತೂಕ ಹೇರಿ ಒಂದು ದಿನ ಬಿಟ್ಟರೆ ಕೂರುತ್ತದೆ. ಕೂರದಿದ್ದರೆ ಅದು ಹೊಸ ಬಗೆಯ ಅಂಟು, ಬಡಗಿಗೆ ಒಪ್ಪಿಸಿ.

ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತಯಾರಕರ ಮುದ್ರೆ ಸವೆದರೆ ಮತ್ತೆ ಬಾರದು. ಉಪ್ಪಿನಂಶ ಹೋಗಲು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಮೇಣ ಸವರಿದರೆ ಸಾಕು. ದೀಪಗಳ ಹಳೆಯ ವೈರನ್ನಂತೂ ಪೂರ್ತಿ ಕಿತ್ತುಹಾಕಿ. ಹಲವು ಹಳೆಯ ಹಡಗುಗಳಲ್ಲಿ ಡಿಸಿ ವಿದ್ಯುತ್ತಿತ್ತು, ನಮ್ಮದು 230 ವೋಲ್ಟ್ ಎಸಿ. ಲೋಹದ ದೀಪಕ್ಕೆ ಮೂರು ಎಳೆಯ ವೈರ್ ಎಳೆಸಿ, ಅರ್ತ್ ತಂತಿಯನ್ನು ಲೋಹದ ಮೈಗೇ ಕಟ್ಟಿಸಿದ ಮೇಲೆಯೇ ಸ್ವಿಚ್ ಹಾಕಿ.