‘ಎದ್ದೆ ಕಣ್ಲಾ’: ಹಾಡು ಕಟ್ಟಿಸಿ ಧೈರ್ಯ ಕಟ್ಟಿದ ನನ್ನ ಅನುಭವ

ಪಿಯುಸಿ ಫೇಲಾದವರ ಕೈಲಿ ಹಾಡು ಕಟ್ಟಿಸಿದರೆ ಅವರು ಮರುಪರೀಕ್ಷೆಗೆ ಹೋಗಿ ಕೂರ್ತಾರೆ ಅಂತ ನಾನು ಅಂದಾಗ ಮಂಡ್ಯದಲ್ಲಿ ನಗದವರು ಕಡಿಮೆ. ಟ್ಯೂಷನ್ ನಡೆಸುವ ಒಬ್ಬರಂತೂ ‘ಲೆಕ್ಕ ಬರದೋರಿಗೆ ತಾಳ ಕಲಿಸ್ತೀರಾ’ ಅಂದರು. ಮೂರು ತಂಡ ಕೆಟ್ಟವು, ನಾಲ್ಕನೆಯದು ನಿಂತಿತು. 14 ಜನರಲ್ಲಿ ಹನ್ನೆರಡೋ ಹದಿಮೂರೋ ಮಂದಿ ಹಾಲ್ ಟಿಕೆಟ್ ಹಿಡಿದು ಹೋದರು. ಶುಲ್ಕ ಕಟ್ಟಿಯೂ ಪರೀಕ್ಷೆ ದಿನ ಕದ ಹಾಕ್ಕೊಂಡು ಮನೇಲಿ ಮಲಗುವ ಗುಂಪು ಅದು. ಪಾಸಾದದ್ದು ಹಾಡಿನಿಂದ ಅಂತ ನಾನು ಹೇಳಿಕೊಳ್ಳಲ್ಲ, ಅದಕ್ಕೆ ಅವರು ಓದಿದ್ದಾರೆ. ಹೋಗಿ ಕೂತದ್ದರ ಪಾಲು ಮಾತ್ರ ಕೇಳ್ತೀನಿ.

ಮೊದಲ ತಂಡ ಕೆಟ್ಟದ್ದು ಸಾಹಿತ್ಯದಿಂದ. ‘ಬೆಟ್ಟ ಮೆಟ್ಟುವೆ, ಮುಗಿಲ ಮುಟ್ಟುವೆ’ ಜಾತಿಯ ಸಾಲುಗಳನ್ನು ನಾನೇ ಬರೆದು, ಕಲ್ಯಾಣಿ ರಾಗದಲ್ಲಿ ಕೂರಿಸಿ, ದಿನಾ ಹಾಡಿಸಿದೆ. 11 ಜನ ಇದ್ದವರು ಮೂರನೇ ವಾರಕ್ಕೆ 4 ಆದರು. ಬಾಯಿ ‘ಮುಟ್ಟುವೆ’ ಅಂತಿತ್ತು, ಕಣ್ಣು ನೆಲ ನೋಡ್ತಿತ್ತು. ತನ್ನ ಮೇಲೆ ಮೊದಲೇ ನಂಬಿಕೆ ಇಲ್ಲದವನಿಗೆ ಇಂಥ ಹೊಗಳಿಕೆಯನ್ನು ತನ್ನ ಬಾಯಿಂದಲೇ ಹೇಳಿಸಿದರೆ ಇನ್ನೂ ಕುಗ್ಗುತ್ತಾನೆ ಅಂತ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ತಂಡ 2009ರಲ್ಲೇ ಪ್ರಯೋಗ ಮಾಡಿ ತೋರಿಸಿತ್ತಂತೆ. ನನಗೆ ಅದು ಗೊತ್ತಾದದ್ದು ಏಳು ಜನರ ಫೀಸು ವಾಪಸ್ ಕೊಟ್ಟ ಮೇಲೆ.

ಅವತ್ತಿಂದ ನಮ್ಮಲ್ಲಿ ‘-ವೆ’ಗೆ ಪ್ರವೇಶ ಇಲ್ಲ. ಭೂತಕಾಲದ ಕ್ರಿಯಾಪದ ಮಾತ್ರ. ರಾತ್ರಿ ಮಲಗುವ ಮುಂಚೆ 20 ರೂಪಾಯಿ ನೋಟ್‌ಬುಕ್ಕಿನಲ್ಲಿ ಅವತ್ತು ಮಾಡಿದ ಎರಡು ಕೆಲಸ ಬರೀಬೇಕು. ಅದರಲ್ಲಿ ಒಂದು ಸಂಖ್ಯೆಯೋ ಹೊತ್ತೋ ಜಾಗವೋ ಇರಲೇಬೇಕು. ‘ಚೆನ್ನಾಗಿ ಓದಿದೆ’ ನಡೆಯಲ್ಲ. ‘ಚಾವಡಿ ಕಂಬಕ್ಕೆ ಒರಗಿ ಏಳು ಪುಟ ಓದಿದೆ’ ನಡೆಯುತ್ತೆ. ವಾರಕ್ಕೆ ಹದಿಮೂರು ಹದಿನಾಲ್ಕು ಸಾಲು ಸಿಕ್ಕರೆ ಅದರಲ್ಲಿ ಮೂರು ಆರಿಸಿ, ನಾಲ್ಕನೆಯದಾಗಿ ಕೈಕೊಟ್ಟ ಕೆಲಸ ಒಂದನ್ನು ಸೇರಿಸಬೇಕು. ಈ ಸೋಲಿನ ಸಾಲು ಬಿಟ್ಟು ನೋಡಿದ್ದೀನಿ. ಹಾಡಿದವನೇ ನಂಬಲ್ಲ.

ಛಂದಸ್ಸಿಗೆ ಭಾಮಿನಿ ಷಟ್ಪದಿಯ ಗಿಡ್ಡ ಸಾಲು ಸಾಕು: 3-4-3-4, ಒಟ್ಟು 14 ಮಾತ್ರೆ, ಅಂದರೆ ಏಳರ ತಾಳವಾದ ಮಿಶ್ರಛಾಪಿನ ಎರಡು ಸುತ್ತು. ಮೊದಲು ಪೂರ್ತಿ ಷಟ್ಪದಿಗೇ ಕೈಹಾಕಿದ್ದೆ. ಮೂರನೇ ಮತ್ತು ಆರನೇ ಸಾಲಿನ 23 ಮಾತ್ರೆ ಉಸಿರಿಗೆ ಎಟಕಲಿಲ್ಲ. ಮಾತ್ರೆಗೆ ಸೆಕೆಂಡಿನ ಮೂರನೇ ಒಂದು ಪಾಲು ಅಂತ ಹಿಡಿದರೆ 14ಕ್ಕೆ ಐದು ಸೆಕೆಂಡಿಗಿಂತ ಕಡಿಮೆ, ಯಾರ ಉಸಿರಿಗೂ ಸಿಗುತ್ತೆ. 23 ಅಂದರೆ ಏಳೂವರೆ ದಾಟುತ್ತೆ, ಹೆದರಿದವನ ಎದೆ ಅಷ್ಟು ಹಿಡಿಯಲ್ಲ. ಸಾಲಿನ ಮಧ್ಯೆ ಉಸಿರು ತುಂಡಾದರೆ ‘ನಂಗಾಗಲ್ಲ ಸಾ’ ತಯಾರಾಗೇ ಇರುತ್ತೆ. ಗಮಕಿಗಳೊಬ್ಬರು ‘ಇದೇನ್ರೀ ಅರ್ಧ ಕತ್ತರಿಸಿದ ಭಾಮಿನಿ’ ಅಂದರು. ಹೌದು, ಕತ್ತರಿಸಿದ್ದೇ.

ಒಂದು ಹಾಡಿನ ಮೂರು ಸಾಲು ತೋರಿಸ್ತೀನಿ:

ಐದು ಗಂಟೆಗೆ ಎದ್ದೆ ಕಣ್ಲಾ
ಮೂರು ಲೆಕ್ಕವ ಮಾಡಿ ಮುಗುಸ್ದೆ
ನಾಕ್ನೆ ಲೆಕ್ಕವು ತಪ್ಪಿ ಓಯ್ತಲ

ಎಣಿಸಿ ನೋಡಿ, ಮೂರೂ ಹದಿನಾಲ್ಕೇ. ಇದರಲ್ಲಿ ‘ನಾನು’ ಇಲ್ಲ, ‘ನೀನು’ ಇಲ್ಲ. ಬೇಕಂತಲೇ ತೆಗೆಸಿದ್ದು. ನಮ್ಮ ಭಾಷೆಯಲ್ಲಿ ‘ನಾನು ಎದ್ದೆ’, ‘ನೀನು ಎದ್ದೆ’ ಎರಡಕ್ಕೂ ಒಂದೇ ರೂಪ. ಸರ್ವನಾಮ ಕಿತ್ತು ‘ಕಣ್ಲಾ’ ಇಟ್ಟರೆ ಹಾಡುವವನು ತನ್ನ ಸುದ್ದಿ ಹೇಳಿದಂತೆಯೂ ಆಗುತ್ತೆ, ಗೆಳೆಯನೊಬ್ಬ ಭುಜ ತಟ್ಟಿದಂತೆಯೂ ಆಗುತ್ತೆ. ‘ನಾನು’ ಅಂತ ಶುರುವಾದ ಹಾಡಿಗೆ ನಾಚುವ ಹುಡುಗ ಇದನ್ನು ಗಟ್ಟಿ ದನಿಯಲ್ಲಿ ಹೇಳ್ತಾನೆ. ಹುಡುಗಿಯರಿಗೆ ‘ಕಣ್ಲಾ’ ಜಾಗದಲ್ಲಿ ‘ಕಣ್ಲೇ’, ಮಾತ್ರೆ ಅಷ್ಟೇ.

‘ಓಯ್ತು’ ನೋಡಿ ಮೂಗು ಮುರಿಯುವವರಿಗೆ ಒಂದು ಮಾತು. ನಮ್ಮ ಕಡೆಯ ಮಕ್ಕಳು ವೇದಿಕೆ ಮೇಲೆ ಬಾಯಿ ಕಟ್ಟಿಕೊಳ್ಳಲು ಅರ್ಧ ಕಾರಣ ಈ ಹಕಾರ. ಹಕ್ಕಿ ಅಂದರೆ ಅಕ್ಕಿ ಆಗುತ್ತೆ, ಕ್ಲಾಸು ಗೊಳ್ಳೆನ್ನುತ್ತೆ, ಅಲ್ಲಿಗೆ ಮುಗೀತು. ಎರಡನೇ ತಂಡದಲ್ಲಿ ನಾನೂ ತಿದ್ದಲು ಹೋಗಿ, ಹಕಾರ ಬಂತು, ಹಾಡು ಹೋಯ್ತು. ಈಗ ಮನೆಮಾತಲ್ಲೇ ಬರೆಸ್ತೀನಿ. ಹಕಾರ ಬೇಕಾದವರು ಐದನೇ ವಾರ ತಾವೇ ಕೇಳ್ತಾರೆ, ಆಗ ಹತ್ತು ನಿಮಿಷದ ಕೆಲಸ.

ಶ್ರುತಿಯಲ್ಲಿ ಕೆಡಿಸಿಕೊಳ್ಳುವವರು ಬಹಳ. ಸಿನಿಮಾ ಹಾಡಿನ ಕರೋಕೆ ಹಾಕಿ ಮೂಲ ಶ್ರುತಿಯಲ್ಲೇ ಹಾಡಿಸಿದರೆ ದನಿ ಒಡೆದ ಹುಡುಗ ತಾರಸ್ಥಾಯಿಯಲ್ಲಿ ಸೀಳ್ತಾನೆ. ನಮ್ಮ ಹುಡುಗರಿಗೆ ಹಾರ್ಮೋನಿಯಂನ ಒಂದು, ಒಂದೂವರೆ ಮನೆ ಶ್ರುತಿ; ಹುಡುಗಿಯರಿಗೆ ಐದು, ಐದೂವರೆ. ಕೊನೆ ಬೀದಿಯಲ್ಲಿರೋನನ್ನು ಕೂಗು ಅಂದಾಗ ಬರುವ ದನಿಯನ್ನು ಪಂಚಮಕ್ಕೆ (‘ಪ’) ಹತ್ತಿರ ಇಟ್ಟುಕೊಂಡು ಷಡ್ಜ (‘ಸ’) ಹುಡುಕಿದರೆ ಬಹುಪಾಲು ಸರಿ ಬರುತ್ತೆ. ಹಾಡಿನ ಓಡಾಟ ಕೆಳಗಿನ ಮಂದ್ರ ಧೈವತದಿಂದ (‘ದ’) ಪಂಚಮದವರೆಗೆ, ಮೇಲಕ್ಕೆ ಬೇಡ. ಮಟ್ಟು ಅಜ್ಜಿಯ ಸೋಬಾನೆಯದೋ ರಾಗಿ ಬೀಸೋ ಪದದ್ದೋ ಆದರೆ ಕಲಿಸುವ ಕೆಲಸವೇ ಇಲ್ಲ.

ಈ ನಡುವೆ ಒಂದು ಆಟ ಆಡಿದೆ. ಅದೇ ಮೂರು ಸಾಲನ್ನು ಮೋಹನ ರಾಗದಲ್ಲಿ ಒಂದು ವಾರ, ಶಿವರಂಜನಿಯಲ್ಲಿ ಒಂದು ವಾರ ಹಾಡಿಸಿದೆ. ಬದಲಾದದ್ದು ‘ಗ’ ಸ್ವರ ಒಂದೇ, ಅಂತರ ಗಾಂಧಾರದಿಂದ ಸಾಧಾರಣ ಗಾಂಧಾರಕ್ಕೆ ಇಳೀತು. ಶಿವರಂಜನಿಯ ವಾರ ಇಬ್ಬರು ಅತ್ತರು, ಎಲ್ಲರೂ ‘ಸೂಪರ್ ಸಾರ್’ ಅಂದರು, ನೋಟ್‌ಬುಕ್ಕಿನಲ್ಲಿ ಸಾಲುಗಳು ಮಾತ್ರ ಅರ್ಧಕ್ಕೆ ಇಳಿದವು. ಅತ್ತು ಹಗುರಾದವನು ಹೋಗಿ ಮಲಗಿದ ಅಂತ ಕಾಣುತ್ತೆ. ಒಂದು ವಾರದ ಲೆಕ್ಕದ ಮೇಲೆ ರಾಗಕ್ಕೆ ಅಪವಾದ ಹೊರಿಸಬಾರದು, ಆದರೂ ನಾನು ಮೋಹನ ಬಿಟ್ಟು ಕದಲಿಲ್ಲ. ಕಂಸಾಳೆ ಸೇರಿಸಿಯೂ ನೋಡಿದೆ. ಹುರುಪು ಬಂತು, ರೆಕಾರ್ಡಿಂಗ್ ಹರಿದುಹೋಯ್ತು. ಮೈಕಿನಿಂದ ಆರಡಿ ದೂರ ನಿಲ್ಲಿಸದೆ ಕಂಸಾಳೆ ಹಿಡಿಯೋಕಾಗಲ್ಲ.

ಮೂರನೇ ತಂಡ ಕೆಟ್ಟದ್ದು ರೆಕಾರ್ಡಿಂಗಿನಿಂದಲೇ. ಮೊದಲ ದಿನವೇ ಹಾಡಿಸಿ, ಹಿಡಿದು, ಕೇಳಿಸಿದೆ. ‘ಥೂ, ಇದು ನಂದಾ?’ ಅಂದವರು ಮಾರನೇ ದಿನ ಬರಲಿಲ್ಲ. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುವುದರಿಂದ ದಪ್ಪಗೆ ಕೇಳುತ್ತೆ. ರೆಕಾರ್ಡಿನಲ್ಲಿ ಆ ದಪ್ಪ ಇರಲ್ಲ, ದನಿ ತೆಳ್ಳಗೆ ಬರುತ್ತೆ. ಈಗ ಮೂರನೇ ವಾರದವರೆಗೆ ಮೈಕ್ ಮುಟ್ಟಲ್ಲ. ಮುಟ್ಟಿದಾಗ ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಒಂದು ಗೇಣಿಗಿಂತ ಹತ್ತಿರ, ಬಾಯಿ ಸ್ವಲ್ಪ ಓರೆ. ಹತ್ತಿರ ಹೋದಷ್ಟೂ ಮಂದ್ರ ಉಬ್ಬುತ್ತೆ, ಕಳೆದ ದಪ್ಪ ಒಂದಿಷ್ಟು ವಾಪಸ್ ಬರುತ್ತೆ. ಓರೆ ಇದ್ದರೆ ಪಕಾರ ಗುದ್ದಲ್ಲ. ರೆಕಾರ್ಡಿಂಗ್ ಸಾಫ್ಟ್‌ವೇರ್ ಅಡಾಸಿಟಿಯಲ್ಲಿ ದನಿಯ ಪೀಕ್, ಅಂದರೆ ಅತಿ ಜೋರಿನ ಮಟ್ಟ, ಮೈನಸ್ 6 ಡೆಸಿಬಲ್ ದಾಟಬಾರದು. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ, ದನಿ ತಡವಾಗಿ ಬಂದು ಹುಡುಗ ತಾಳ ತಪ್ಪಿದ್ದು ತನ್ನದೇ ತಪ್ಪು ಅಂದುಕೊಳ್ತಾನೆ. ತಂತಿಯದು 150 ರೂಪಾಯಿಗೆ ಸಿಗುತ್ತೆ. ಹಿಡಿದದ್ದನ್ನು ಮೂರು ದಿನ ಕೇಳಿಸಬಾರದು.

ದುಡ್ಡಿನ ವಿಷಯ. ನೂರಡಿ ರಸ್ತೆ ಹಿಂದೆ ಮಹಡಿ ಕೋಣೆ, ಬಾಡಿಗೆ ತಿಂಗಳಿಗೆ 3,500. ಯುಎಸ್‌ಬಿ ಮೈಕ್ ಸುಮಾರು 4,200. ಗೋಡೆಗೆ ಫೋಮ್ ಅಂತ 2,800 ಸುರಿದದ್ದು ದಂಡ. ಫೋಮ್ ಒಳಗಿನ ಮಾರ್ದನಿ ತಗ್ಗಿಸುತ್ತೆ ಅಷ್ಟೇ, ಬಸ್ಸಿನ ಹಾರ್ನು ತಡೆಯಲ್ಲ. ಎರಡು ಕಂಬಳಿ ತೂಗಿಹಾಕಿ ಬೆಳಿಗ್ಗೆ ಆರಕ್ಕೆ, ಫ್ಯಾನ್ ಆರಿಸಿ ಹಿಡಿದರೆ ಅದಕ್ಕಿಂತ ಚೊಕ್ಕ. ಮೈಸೂರಿಂದ ತಂದ ಹಳೇ ಹಾರ್ಮೋನಿಯಂ 9,000, ಅದು ತಂಬೂರಿ ಆ್ಯಪ್‌ಗಿಂತ ಕೂದಲೆಳೆ ಏರು. ರೀಡಿನ ಬುಡ ಹೆರೆದರೆ ಶ್ರುತಿ ಇಳಿಯುತ್ತೆ, ತುದಿ ಹೆರೆದರೆ ಏರುತ್ತೆ ಅಂತ ಗೊತ್ತಿದ್ದೂ ಕೈಹಾಕಿ ಎರಡು ರೀಡ್ ಕೆಡಿಸಿಕೊಂಡೆ. ಆಮೇಲೆ ಹೊಳೀತು, ಆ್ಯಪನ್ನೇ ಏರಿಸಿದರೆ ಆಯ್ತಲ್ಲ! ಆರು ವಾರಕ್ಕೆ ತಲೆಗೆ 600 ತಗೋತೀನಿ. ನಾಲ್ಕನೇ ತಂಡದಲ್ಲಿ ಮೊದಲ ಸಲ ಕೈಯಿಂದ ಹೋಗಲಿಲ್ಲ.

ಹಾಡು ಕಟ್ಟಿದ ಮೇಲೆ ಪುಸ್ತಕ ತೆಗೆಯುವ ಮುಂಚೆ ನಿಂತುಕೊಂಡು ಎರಡು ಸಲ, ಒಟ್ಟು ಮುಕ್ಕಾಲು ನಿಮಿಷ. ಮೂರನೇ ಸಲ ಹಾಡಿದರೆ ಗಿಳಿಪಾಠ. ಭಾನುವಾರ ಒಂದು ಸಾಲು ತೆಗೆದು ಹೊಸದು ಹಾಕಬೇಕು. ಸೋಲಿನ ಸಾಲು ಗೆದ್ದ ಸಾಲಾದರೆ ಅದನ್ನೇ ಮೇಲಕ್ಕೆ ಏರಿಸಿ, ಹೊಸ ಸೋಲು ಹುಡುಕಬೇಕು. ಕೊನೆಯಲ್ಲಿ ದಾಸರ ಪದದಂತೆ ಒಂದು ಅಂಕಿತ. ಅದನ್ನು ಯಾರು ಇಡ್ತಾರೆ, ಯಾವ ದಿನ ಇಡ್ತಾರೆ ಅನ್ನೋದು ಈ ಪದ್ಧತಿಯ ಕೀಲಿ. ಅದನ್ನು ಇಲ್ಲಿ ಬರೆಯಲ್ಲ, ಬಂದು ಕೂತವರಿಗೆ ಹೇಳ್ತೀನಿ.

ಈಗ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರ ಜೊತೆ ಶುರು ಮಾಡಿದ್ದೀನಿ. ಅವರಿಗೆ ಸಂಜೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಮಿಶ್ರಛಾಪು ಅಲ್ಲಿ ಕೂರಲೇ ಇಲ್ಲ, ಕಾರಣ ಅವರ ಟಾರ್ಗೆಟ್ಟು. ಗಂಟೆಗೆ ಎಂಬತ್ತು ಕಾಲರ್. ‘ಎಂಬತ್ತು’ ಐದು ಮಾತ್ರೆ, ಎರಡು-ಮೂರು. ಹಾಗಾಗಿ ಐದರ ತಾಳ ಖಂಡಛಾಪಿಗೆ ಹೋದೆವು:

ಎಂಬತ್ತು ಕಾಲರ್ನ ಒಲ್ದಾಕಿ ಬಂದ್ಬುಟ್ಟೆ

ಐದರ ನಾಲ್ಕು ಗಣ, ಮಿಷನ್ನಿನ ಓಟಕ್ಕೂ ಸರಿಹೋಯ್ತು. ಹೋದ ತಿಂಗಳು ಸೂಪರ್‌ವೈಸರ್ ಟಾರ್ಗೆಟ್ಟನ್ನು ತೊಂಬತ್ತಕ್ಕೆ ಏರಿಸಿದನಂತೆ. ‘ತೊಂಬತ್ತು’ ಕೂಡ ಐದೇ ಮಾತ್ರೆ, ಹಾಡು ಹಾಗೇ ನಡೀತಿದೆ. ನೂರಕ್ಕೆ ಏರಿಸಿದರೆ ‘ನೂರು ಕಾಲರ್’ ಮೂರು-ನಾಲ್ಕು, ಮತ್ತೆ ಮಿಶ್ರಛಾಪಿಗೆ ಬರಬೇಕು.