ಐಬಿಎ ಜಾಸ್ತಿ ಹಾಕಿ 20 ದಾಸವಾಳದ ಕಡ್ಡಿ ಕಪ್ಪು ಮಾಡ್ಕೊಂಡ ಕಥೆ

ದಾಸವಾಳದ ಕಡ್ಡಿ ಎಷ್ಟ್ ಸಲ ನೆಟ್ರೂ ಬೇರು ಬಿಡ್ತಿರ್ಲಿಲ್ಲ, ಕೊನೆಗೆ ಐಬಿಎ ತಂದೆ, ಅಂದ್ರೆ ಇಂಡೋಲ್ ಬ್ಯುಟಿರಿಕ್ ಆಸಿಡ್, ಬೇರು ಬರಿಸೋ ಆಕ್ಸಿನ್ ಗುಂಪಿನ ಸಸ್ಯ ಹಾರ್ಮೋನು. ನೀರಿಗೆ ಹಾಕಿ ಎಷ್ಟು ಕಲಕಿದ್ರೂ ಕರಗ್ಲೇ ಇಲ್ಲ. ಆಮೇಲೆ ಗೊತ್ತಾಯ್ತು, ಮೊದ್ಲು ಆಲ್ಕೋಹಾಲ್‌ನಲ್ಲಿ ಕರಗಿಸಿ ಆಮೇಲೆ ಅಷ್ಟೇ ಅಳತೆ ನೀರು ಸೇರಿಸ್ಬೇಕಂತೆ.

ಸರಿ ಅಂತ 100 ಎಂಎಲ್‌ಗೆ 1 ಗ್ರಾಂ ಹಾಕಿದೆ, ಅಂದ್ರೆ 10,000 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ ಇಷ್ಟು ಪಾಲು ಅಂತ), ಜಾಸ್ತಿ ಹಾಕಿದ್ರೆ ಜಾಸ್ತಿ ಬೇರು ಬರತ್ತೆ ಅನ್ನೋ ಲೆಕ್ಕ ನಂದು, ಅದು ಸಾಲ್ದು ಅಂತ ಕಡ್ಡಿಗಳನ್ನ ಹತ್ತು ನಿಮಿಷ ಅದ್ರಲ್ಲೇ ನಿಲ್ಲಿಸಿ ಕಾಫಿ ಕುಡಿಯೋಕೆ ಹೋದೆ. ಒಂದೇ ವಾರ, 20 ಕಡ್ಡಿನೂ ಬುಡ ಕಪ್ಪಾಗಿ ಎಲೆ ಉದುರಿಸಿ ಹೋದ್ವು. ಕಳೆ ಸಾಯ್ಸೋ 2,4-ಡಿ ಕೂಡ ಆಕ್ಸಿನ್ ಥರದ್ದೇ ಅಂತ ಮೊದ್ಲೇ ಗೊತ್ತಿದ್ದಿದ್ರೆ ಕೈ ಸ್ವಲ್ಪ ಹಿಡಿತಿತ್ತೇನೋ.

ವಿಷ್ಯ ಏನಂದ್ರೆ ಗಿಡ ತಾನೇ ಆಕ್ಸಿನ್ ಮಾಡ್ಕೊಳತ್ತೆ, ತುದಿ ಮೊಗ್ಗಲ್ಲಿ ಎಳೆ ಎಲೆಲಿ. ಅದು ಕೆಳಗಿಳಿದು ಕತ್ತರಿಸಿದ ಬುಡದಲ್ಲಿ ಸೇರ್ಕೊಳತ್ತೆ, ಅಲ್ಲೇ ಬೇರು ಹುಟ್ಟೋದು. ನಾವು ಅದಕ್ಕೊಂಚೂರು ಕೈ ಜೋಡಿಸ್ತೀವಿ ಅಷ್ಟೇ. ಮೇಲಿಂದ ಕೆಳಗೆ ಹರಿಯತ್ತೆ ಅನ್ನೋದಕ್ಕೇ ಕಡ್ಡಿ ತಲೆಕೆಳಗಾಗಿ ನೆಟ್ರೆ ಕಷ್ಟ, ಅದನ್ನೂ ಮಾಡಿದೀನಿ ಬಿಡಿ. ಈಗ ಬುಡ ಓರೆ, ತುದಿ ನೇರ ಕತ್ತರಿಸ್ತೀನಿ, ಗೊಂದ್ಲನೇ ಇಲ್ಲ.

ಎರಡನೇ ಸಲ 100 ಎಂಎಲ್‌ಗೆ 0.2 ಗ್ರಾಂ, 2000 ಪಿಪಿಎಂ. ಬುಡ ಐದೇ ಸೆಕೆಂಡ್ ಅದ್ದಿ, ಒಣಗಿಸಿ, ಒದ್ದೆ ಮರಳಲ್ಲಿ ನೆಟ್ಟು ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿದೆ, ಎರಡೆರಡು ಎಲೆ ಮಾತ್ರ ಬಿಟ್ಟು. 20ರಲ್ಲಿ 14 ಬೇರು ಬಿಟ್ವು. ಉಳಿದ ಆರು ತೀರಾ ಬಲಿತ ಕಡ್ಡಿ, ಅವು ನನ್ನ ಆಸೆಬುರುಕತನ.

ಜಿಬ್ಬರೆಲಿನ್ ಅನ್ನೋ ಇನ್ನೊಂದು ಸಸ್ಯ ಹಾರ್ಮೋನು ಕೂಡ ಹೊಡೀಲಾ ಅಂತ ಅನ್ಸಿತ್ತು, ಹೊಡೀದೇ ಇದ್ದಿದ್ದು ಒಳ್ಳೇದಾಯ್ತು. 1926ರಲ್ಲಿ ಜಪಾನಿನ ವಿಜ್ಞಾನಿ ಕುರೊಸಾವಾ ಭತ್ತದ ಸಸಿ ಹುಚ್ಚುಹುಚ್ಚಾಗಿ ಉದ್ದ ಆಗೋ ರೋಗದಲ್ಲಿ ಇದ್ರ ಸುಳಿವು ಹಿಡಿದಿದ್ದು. ಕಾಂಡ ಎಳೆಯೋದು ಅದ್ರ ಕೆಲ್ಸ, ಬೇರು ಬರೋಕೆ ಸಾಮಾನ್ಯವಾಗಿ ಅಡ್ಡಗಾಲು.

ಗಿಡ ಚಿಗುರಿ ಗೇಣುದ್ದ ಆದ್ಮೇಲೆ ತುದಿ ಚಿವುಟ್ತೀನಿ. ತುದಿ ಹೋದ್ರೆ ಆಕ್ಸಿನ್ ಹಿಡಿತ ಸಡಿಲ ಆಗಿ, ಸೈಟೊಕೈನಿನ್ ಅನ್ನೋ ಮತ್ತೊಂದು ಹಾರ್ಮೋನಿನ ಜೋರಲ್ಲಿ ಪಕ್ಕದ ಮೊಗ್ಗುಗಳು ಎದ್ದು ಪೊದೆ ಆಗತ್ತೆ. ಅದಕ್ಕೆ ಬಾಟಲಿ ಬೇಡ, ಉಗುರು ಸಾಕು.